ಆರುನೂರು ಮೊಟ್ಟೆಗಳ ಲೆಕ್ಕ

ಹಳೆಯ ಕುರ್ಚಿಯೊಂದರಲ್ಲಿ ಒಣಕಲು ದೇಹದ ಮನುಷ್ಯನೊಬ್ಬ ಕುಳಿತಿದ್ದಾನೆ. ಒಂದು ಕೈಯಲ್ಲಿ ತೆರೆದ ಪುಸ್ತಕ, ಇನ್ನೊಂದು ಕೈಯಲ್ಲಿ ಮೇಲೆತ್ತಿದ ಕತ್ತಿ. ಅವನ ಸುತ್ತ, ನೆಲದಿಂದ ಸೂರಿನವರೆಗೆ, ಅವನು ಓದಿದ ಕಥೆಗಳೆಲ್ಲ ಎದ್ದು ಬಂದು ಒತ್ತೊತ್ತಾಗಿ ನಿಂತಿವೆ. ಕುದುರೆಯೇರಿದ ವೀರರು, ಸೆರೆಸಿಕ್ಕ ಕನ್ಯೆಯರು, ರಾಕ್ಷಸರು, ವಿಚಿತ್ರ ಪ್ರಾಣಿಗಳು. ಜಾತ್ರೆಯ ಜನಜಂಗುಳಿಯನ್ನು ಯಾರೋ ಒಂದು ಪುಟ್ಟ ಕೋಣೆಗೆ ತುಂಬಿ ಬಾಗಿಲು ಹಾಕಿದ ಹಾಗಿದೆ. ಆ ಕೋಣೆಯಲ್ಲಿ ನಿಜವಾಗಿ ಇರುವವನು ಅವನೊಬ್ಬನೇ.

ಚಿತ್ರ ಫ್ರಾನ್ಸಿನ ಗುಸ್ತಾವ್ ಡೋರೆಯದು. (ನಮ್ಮ ಕಿವಿಗೆ ಅದು ‘ದೊರೆ’ ಎಂದೇ ಕೇಳಿಸುತ್ತದೆ, ಇರಲಿ.) ಸ್ಪೇನಿನ ಸೆರ್ವಾಂಟಿಸ್ ಬರೆದ ‘ಡಾನ್ ಕ್ವಿಕ್ಸಾಟ್’ ಕಾದಂಬರಿಗೆಂದು ಡೋರೆ ಬಿಡಿಸಿ, ಪಿಸಾನ್ ಎಂಬ ಕೆತ್ತನೆಗಾರ ಮರದಲ್ಲಿ ಕೊರೆದು, 1863ರಲ್ಲಿ ಪ್ಯಾರಿಸ್ಸಿನ ಅಶೆತ್ ಪ್ರಕಾಶನದವರು ಎರಡು ಭಾರಿ ಸಂಪುಟಗಳಲ್ಲಿ ಹೊರತಂದ 370ಕ್ಕೂ ಹೆಚ್ಚು ಚಿತ್ರಗಳಲ್ಲಿ ಇದೂ ಒಂದು. ನನ್ನ ಸೋದರಮಾವನ ಮಗ ಹಳೆಯ ಪುಸ್ತಕದಂಗಡಿಯಲ್ಲಿ ಚೌಕಾಸಿ ಮಾಡಿ ತಂದ ಮರುಮುದ್ರಣವೊಂದು ನಮ್ಮ ಮನೆಗೆ ಓದಲೆಂದು ಬಂದು, ಇಲ್ಲೇ ಉಳಿದುಬಿಟ್ಟಿದೆ. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಒಂದಿಷ್ಟು ಹೊತ್ತು ಅದರ ಪುಟ ತಿರುವುವುದು ನನಗೆ ಅಭ್ಯಾಸವಾಗಿದೆ. ಚಿತ್ರಗಳನ್ನು ನೋಡುತ್ತ ನೋಡುತ್ತ ಕಾದಂಬರಿಯನ್ನೂ ಇಂಗ್ಲಿಷಿನಲ್ಲಿ ಓದಿ ಮುಗಿಸಿದೆ. ಆಗ ಶುರುವಾದ ಒಂದು ಕಸಿವಿಸಿ ಇನ್ನೂ ಹೋಗಿಲ್ಲ. ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳೋಣ ಅನ್ನಿಸಿತು.

ಈ ಕಥೆ ಓದದವರಿಗೂ ಕಥಾನಾಯಕನ ಪರಿಚಯವಿರುತ್ತದೆ. ಗಳುವಿನಂಥ ಉದ್ದ ದೇಹ, ಕೈಯಲ್ಲಿ ಈಟಿ, ಎಲುಬು ಎಣಿಸಬಹುದಾದ ಕುದುರೆ, ಪಕ್ಕದಲ್ಲಿ ಕತ್ತೆಯ ಮೇಲೆ ಡೊಳ್ಳುಹೊಟ್ಟೆಯ ಬಂಟ ಸಾಂಕೋ. ಲಾ ಮಾಂಚಾ ಎಂಬ ಬಯಲುಸೀಮೆಯ ಹಳ್ಳಿಯಲ್ಲಿ ಐವತ್ತರ ಆಸುಪಾಸಿನ ಬಡ ಜಮೀನುದಾರನೊಬ್ಬ ವೀರಕಥೆಗಳನ್ನು ಓದಿ ಓದಿ ತಲೆ ಕೆಡಿಸಿಕೊಂಡು, ತಾನೂ ಒಬ್ಬ ವೀರನಾಗಿ ಲೋಕದ ಅನ್ಯಾಯಗಳನ್ನು ಸರಿಪಡಿಸುತ್ತೇನೆಂದು ಹೊರಡುತ್ತಾನೆ. ಗಾಳಿಗಿರಣಿಗಳನ್ನು ದೈತ್ಯರೆಂದು ಭಾವಿಸಿ ಈಟಿ ಹಿಡಿದು ನುಗ್ಗುತ್ತಾನೆ. ಗಾಳಿಗಿರಣಿಯ ರೆಕ್ಕೆ ಕುದುರೆ ಸಮೇತ ಅವನನ್ನು ಮೇಲಕ್ಕೆತ್ತಿ ಒಗೆಯುವ ಡೋರೆಯ ಚಿತ್ರವನ್ನು ನೀವು ಎಲ್ಲಾದರೂ, ಶಾಲೆಯ ಪುಸ್ತಕದಲ್ಲಾದರೂ, ಕಂಡಿರಬಹುದು.

ಹೀಗೆ ಕೈಗೆಟುಕದ ಆದರ್ಶವೊಂದರ ಬೆನ್ನು ಹತ್ತಿ ಹೋಗುವವನನ್ನು ಕಂಡಾಗ ನಾವು ಏನು ಮಾಡಬೇಕು? ನಗಬೇಕೇ? ಕೈ ಮುಗಿಯಬೇಕೇ?

ಮೊದಲು ಎಲ್ಲರೂ ನಕ್ಕರು. 1605ರಲ್ಲಿ ಮೊದಲ ಭಾಗ, 1615ರಲ್ಲಿ ಎರಡನೆಯ ಭಾಗ ಅಚ್ಚಾದಾಗ ಸ್ಪೇನಿನ ಜನ ಇದನ್ನು ಹೊಟ್ಟೆ ಹುಣ್ಣಾಗುವ ಹಾಗೆ ನಗಿಸುವ ಪುಸ್ತಕವೆಂದೇ ಓದಿದರು. ಅಲ್ಲಿನ ದೊರೆ ಮೂರನೆಯ ಫಿಲಿಪ್ ಬಗ್ಗೆ ಒಂದು ಕಥೆಯೇ ಇದೆ. ದೂರದಲ್ಲಿ ಪುಸ್ತಕ ಹಿಡಿದು ಬಿದ್ದು ಬಿದ್ದು ನಗುತ್ತಿದ್ದ ವಿದ್ಯಾರ್ಥಿಯೊಬ್ಬನನ್ನು ನೋಡಿ, ಅವನಿಗೆ ಒಂದೋ ಹುಚ್ಚು ಹಿಡಿದಿರಬೇಕು, ಇಲ್ಲವೇ ಅವನು ಡಾನ್ ಕ್ವಿಕ್ಸಾಟನ ಕಥೆ ಓದುತ್ತಿರಬೇಕು ಅಂದನಂತೆ. ಕಟ್ಟುಕಥೆಯೇ ಇದ್ದೀತು. ಆದರೆ ಆ ಪುಸ್ತಕವನ್ನು ಜನ ಹೇಗೆ ಓದುತ್ತಿದ್ದರು ಎಂಬುದನ್ನು ಅದು ಹೇಳುತ್ತದೆ. 1657ರಲ್ಲಿ ಡಚ್ ಭಾಷೆಯ ಆವೃತ್ತಿಯೊಂದು ಚಿತ್ರಗಳ ಸಮೇತ ಹೊರಬಂತು. ಅಲ್ಲಿಂದ ಮುಂದೆ ಬಹುಕಾಲ ಚಿತ್ರಗಾರರ ಕಣ್ಣು ಹೆಚ್ಚಾಗಿ ಹೋದದ್ದು ಏಟು, ಬೀಳು, ಹಲ್ಲು ಮುರಿತ, ಕಂಬಳಿಯಲ್ಲಿ ಹಾಕಿ ಎಸೆದ ಸಾಂಕೋ ಇಂಥವುಗಳ ಕಡೆಗೇ.

ಈ ನಗುವಿನಲ್ಲಿ ಕ್ರೌರ್ಯವಿಲ್ಲವೇ? ಬುದ್ಧಿ ಸ್ತಿಮಿತದಲ್ಲಿಲ್ಲದ ವಯಸ್ಸಾದವನೊಬ್ಬನನ್ನು ಹೊಡೆದು ಬಡಿದು ನಗುವುದು ಹಳ್ಳಿಯ ಪುಂಡ ಹುಡುಗರ ಕೆಲಸ. ಎರಡನೆಯ ಭಾಗದಲ್ಲಿ ಬರುವ ಡ್ಯೂಕ್ ದಂಪತಿಗಳು ಪುಂಡರಲ್ಲ, ದೊಡ್ಡ ಮನೆಯವರು. ಅವರು ಬೇಸರ ಕಳೆಯಲೆಂದೇ ಅವನನ್ನು ಅರಮನೆಯಲ್ಲಿ ಇಟ್ಟುಕೊಂಡು, ಆಳುಕಾಳುಗಳನ್ನೆಲ್ಲ ಸೇರಿಸಿ, ದಿನಕ್ಕೊಂದು ನಾಟಕ ಹೂಡಿ ಗೋಳು ಹುಯ್ದುಕೊಳ್ಳುತ್ತಾರೆ. ಓದುವಾಗ ನನಗೆ ಮೈ ಉರಿದುಹೋಯಿತು. ನಬೊಕೊವ್ ಎಂಬ ದೊಡ್ಡ ಕಾದಂಬರಿಕಾರ 1952ರಲ್ಲಿ ಹಾರ್ವರ್ಡ್‌ನಲ್ಲಿ ಪಾಠ ಹೇಳುವಾಗ ಇದು ಬಹಳ ಕ್ರೂರವಾದ ಪುಸ್ತಕ ಎಂದು ವಾದಿಸಿದ್ದು ಸುಮ್ಮನೆ ಅಲ್ಲ.

ನಗು ಕಣ್ಣೀರಾದದ್ದು ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ. ಇದಕ್ಕೆ ಜರ್ಮನ್ ಕವಿ ಹೈನೆಯ ಬಾಲ್ಯದ ನೆನಪಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಡ್ಯುಸೆಲ್ಡಾರ್ಫ್ ಊರಿನ ತೋಟದಲ್ಲಿ ಕೂತು, ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತಿದ್ದ ಹುಡುಗ ಈ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದ. ಇದು ಹಾಸ್ಯವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೀಗಾಗಿ ವೀರನಿಗೆ ಬಿದ್ದ ಒಂದೊಂದು ಏಟಿಗೂ ಅವನು ಅತ್ತ. ದೊಡ್ಡವನಾದ ಮೇಲೆ, 1837ರಲ್ಲಿ ಜರ್ಮನಿಯಲ್ಲಿ ಹೊಸದಾಗಿ ಅಚ್ಚಾದ ಡಾನ್ ಕ್ವಿಕ್ಸಾಟ್‌ಗೆ ಪೀಠಿಕೆ ಬರೆಯುವಾಗ ಹೈನೆ ಇದನ್ನು ನೆನೆಯುತ್ತಾನೆ. ಮಕ್ಕಳು ಒಮ್ಮೊಮ್ಮೆ ಎಷ್ಟು ಸರಿಯಾಗಿ ಓದುತ್ತಾರೆ ನೋಡಿ! ನಮ್ಮಲ್ಲೂ ಬಯಲಾಟದಲ್ಲಿ ಹಾಸ್ಯಗಾರನಿಗೆ ಪೆಟ್ಟು ಬಿದ್ದಾಗ ದೊಡ್ಡವರೆಲ್ಲ ನಗುತ್ತಿದ್ದರೆ, ತೊಡೆಯ ಮೇಲಿನ ಮಗು ತುಟಿ ಬಿರಿದು ಅಳು ಶುರುಮಾಡುವುದುಂಟು.

ಹೈನೆ ಪೀಠಿಕೆ ಬರೆದ ಆ ಪುಸ್ತಕದ ಚಿತ್ರಗಳು ಫ್ರಾನ್ಸಿನಿಂದ ಬಂದವು. ಬಿಡಿಸಿದವನು ಟೋನಿ ಜೊಹಾನೊ. 1803ರಲ್ಲಿ ಜರ್ಮನಿಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬಾಳಿದವನು. 1836-37ರಲ್ಲಿ ಡ್ಯುಬೊಶೆ ಎಂಬ ಪ್ರಕಾಶಕ, ಲೂಯಿ ವಿಯಾರ್ದೊ ಮಾಡಿದ ಹೊಸ ಫ್ರೆಂಚ್ ಅನುವಾದಕ್ಕೆ ಅವನ ಕೈಯಲ್ಲಿ ಹತ್ತಿರ ಹತ್ತಿರ 800 ಚಿತ್ರಗಳನ್ನು ಬರೆಸಿದ. (ಈ ವಿಯಾರ್ದೊ ಮುಂದೆ ಪೋಲೀನ್ ಎಂಬ ಜಗತ್ಪ್ರಸಿದ್ಧ ಗಾಯಕಿಯನ್ನು ಮದುವೆಯಾಗಿ, ಜೀವನವಿಡೀ ‘ಅವರ ಯಜಮಾನರು’ ಎಂಬ ಪರಿಚಯದಲ್ಲೇ ಕಳೆಯಬೇಕಾಯಿತು. ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ಈ ಅನುಭವ ಹೊಸತಲ್ಲ. ಗಂಡಸಿಗೂ ಒಮ್ಮೆ ಆಗಲಿ ಬಿಡಿ.)

ಎಂಟುನೂರು ಚಿತ್ರ! ಅದು ಹೇಗೆ ಸಾಧ್ಯವಾಯಿತು ಅನ್ನುವುದರಲ್ಲೇ ಒಂದು ಕಥೆಯಿದೆ. ಅದಕ್ಕೂ ಮೊದಲು ಒಳ್ಳೆಯ ಪುಸ್ತಕದ ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ಕೊರೆಯುತ್ತಿದ್ದರು. ತಗಡಿನಲ್ಲಿ ಮಸಿ ನಿಲ್ಲುವುದು ಕೊರೆದ ಗೀರಿನ ಒಳಗೆ. ಅಚ್ಚಿನ ಮೊಳೆಗೆ ಮಸಿ ಹತ್ತುವುದು ಮೇಲ್ಮೈಗೆ. ಎರಡನ್ನೂ ಒಟ್ಟಿಗೆ ಒತ್ತಲು ಬರುವುದಿಲ್ಲ. ಆದ್ದರಿಂದ ಚಿತ್ರ ಬೇರೆ, ಬರಹ ಬೇರೆ. ಖರ್ಚೂ ಹೆಚ್ಚು, ಹೀಗಾಗಿ ಚಿತ್ರಗಳೂ ಕಡಿಮೆ. ಇಂಗ್ಲೆಂಡಿನ ತಾಮಸ್ ಬ್ಯೂಯಿಕ್ ಎಂಬಾತ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇದಕ್ಕೆ ಒಂದು ದಾರಿಯನ್ನು ಪಳಗಿಸಿ ತೋರಿಸಿದ. ಬಾಕ್ಸ್‌ವುಡ್ ಎಂಬ ಗಟ್ಟಿ ಮರವನ್ನು ಹಲಗೆಯಂತೆ ಉದ್ದಕ್ಕೆ ಸೀಳದೆ, ಸೌತೆಕಾಯಿ ಬಿಲ್ಲೆ ಹೆಚ್ಚಿದ ಹಾಗೆ ಅಡ್ಡಕ್ಕೆ ಕೊಯ್ದು, ಆ ಬಿಲ್ಲೆಯ ಮುಖದ ಮೇಲೆ ಚೂಪಾದ ಉಕ್ಕಿನ ಕಡ್ಡಿಯಿಂದ ಕೊರೆಯುವುದು. ಅಡ್ಡಕೊಯ್ತದ ಮರ ಸಿಗುರೇಳುವುದಿಲ್ಲ, ಕೂದಲೆಳೆಯಷ್ಟು ಸಣ್ಣ ಗೆರೆಯನ್ನೂ ಹಿಡಿದಿಡುತ್ತದೆ. ಬಿಲ್ಲೆಯನ್ನು ಅಚ್ಚಿನ ಮೊಳೆಯಷ್ಟೇ ಎತ್ತರಕ್ಕೆ ಮಾಡಿಕೊಂಡರೆ ಅಕ್ಷರದ ಪಕ್ಕದಲ್ಲೇ ಕೂರಿಸಿ ಒಂದೇ ಏಟಿಗೆ ಒತ್ತಬಹುದು. ಬಾಕ್ಸ್ ಮರದ ಕಾಂಡ ಸಣ್ಣದು, ಬಹಳ ನಿಧಾನ ಬೆಳೆಯುವಂಥದು. ದೊಡ್ಡ ಚಿತ್ರ ಬೇಕಾದರೆ ನಾಲ್ಕಾರು ತುಂಡುಗಳನ್ನು ಬೆಸೆಯಬೇಕು.

ಇದರಿಂದ ಪುಸ್ತಕದ ರೂಪವೇ ಬದಲಾಯಿತು. ಮಾತಿನ ನಡುವೆ ಕೈಸನ್ನೆ ಬರುವ ಹಾಗೆ ಬರಹದ ನಡುವೆ ಚಿತ್ರ ಬಂತು. ಹತ್ತಿಪ್ಪತ್ತು ಚಿತ್ರ ಮಾತ್ರ ಬರೆಯಬಹುದು ಅಂದರೆ ಕಲಾವಿದ ಯುದ್ಧವನ್ನು ಬರೆಯುತ್ತಾನೆ, ಬೀಳುವುದನ್ನು ಬರೆಯುತ್ತಾನೆ. ಎಂಟುನೂರು ಬರೆಯಬೇಕೆಂದರೆ ಹೋಟೆಲಿನ ಕೆಲಸದಾಕೆ, ಹೇಸರಗತ್ತೆಯವರು, ಮೇಕೆ ಕಾಯುವವರು, ಕತ್ತೆ, ಕೊಡ, ದಾರಿ, ರಾತ್ರಿ ಎಲ್ಲವೂ ಬೇಕಾಗುತ್ತವೆ. ಆಗ ವೀರನೂ ಬರೀ ಏಟು ತಿನ್ನುವ ಬೊಂಬೆಯಾಗಿ ಉಳಿಯುವುದಿಲ್ಲ. ಯೋಚಿಸುತ್ತ ಕೂತವನಾಗಿ, ದಣಿದವನಾಗಿ, ಒಬ್ಬಂಟಿಯಾಗಿ ಕಾಣತೊಡಗುತ್ತಾನೆ. ಜೊಹಾನೊ ಶುರು ಮಾಡಿದ್ದನ್ನು ಇಪ್ಪತ್ತೈದು ವರ್ಷದ ನಂತರ ಡೋರೆ ಆಕಾಶದೆತ್ತರಕ್ಕೆ ಒಯ್ದ. ಅವನು ಹುಟ್ಟಾ ವ್ಯಂಗ್ಯಚಿತ್ರಕಾರ. ಸಣ್ಣ ಚಿತ್ರಗಳಲ್ಲಿ ತಮಾಷೆ ಧಾರಾಳವಾಗಿಯೇ ಇದೆ. ಆದರೆ ಇಡೀ ಪುಟದ ಚಿತ್ರಗಳಿಗೆ ಬನ್ನಿ. ಸಿಯೆರಾ ಮೊರೆನಾದ ಬಂಡೆಗಳು, ಮೋಡ ಕವಿದ ವಿಶಾಲ ಆಕಾಶ, ಅದರ ಕೆಳಗೆ ಕಡ್ಡಿಯಷ್ಟು ಸಣ್ಣದಾಗಿ ಒಬ್ಬ ಸವಾರ. ನಗು ಗಂಟಲಲ್ಲೇ ನಿಂತುಹೋಗುತ್ತದೆ. ಆ ಹೊತ್ತಿಗೆ ರಷ್ಯದ ತುರ್ಗೇನಿಯೆವ್ ಕೂಡ, 1860ರಲ್ಲಿ, ಹ್ಯಾಮ್ಲೆಟ್ ಮತ್ತು ಡಾನ್ ಕ್ವಿಕ್ಸಾಟ್ ಕುರಿತು ಮಾತಾಡುತ್ತ, ತನಗಾಗಿ ಬದುಕುವವನು ಹ್ಯಾಮ್ಲೆಟ್, ಪರರಿಗಾಗಿ ಬದುಕುವವನು ಕ್ವಿಕ್ಸಾಟ್ ಎಂಬರ್ಥದಲ್ಲಿ ಅವನನ್ನು ಎತ್ತಿ ಹಿಡಿದಿದ್ದ. ಹುಚ್ಚ ಮಹಾತ್ಮನಾದ.

ಒಂದು ಅನ್ಯಾಯ ಸರಿಯಾಯಿತು, ನಿಜ. ಹುಚ್ಚನನ್ನು ಕಂಡು ಹಲ್ಲು ಕಿರಿಯುವುದು ತಪ್ಪು ಎಂದು ಈ ಮರದ ತುಂಡುಗಳು ಯುರೋಪಿಗೆ ಕಲಿಸಿದವು. ಆದರೆ ಕೈ ಮುಗಿದು ನಿಂತವರ ಕಣ್ಣಿಗೂ ಕಾಣದೆ ಹೋದದ್ದೊಂದಿದೆ ಅಂತ ನನಗೆ ಅನ್ನಿಸುತ್ತದೆ.

ಅವನಿಗೊಂದು ಮನೆಯಿತ್ತು. ಮನೆಯಲ್ಲಿ ಇಬ್ಬರು ಹೆಂಗಸರಿದ್ದರು. ನಲವತ್ತು ದಾಟಿದ ಮನೆವಾರ್ತೆಯವಳು, ಇನ್ನೂ ಇಪ್ಪತ್ತು ತುಂಬದ ಸೋದರ ಸೊಸೆ. ಮೊದಲ ಅಧ್ಯಾಯದಲ್ಲೇ ಸೆರ್ವಾಂಟಿಸ್ ಲೆಕ್ಕ ಕೊಡುತ್ತಾನೆ. ಆದಾಯದ ಮುಕ್ಕಾಲು ಪಾಲು ಊಟಕ್ಕೇ ಹೋಗುತ್ತಿತ್ತು. ಅಂಥ ಮನೆಯಲ್ಲಿ ಯಜಮಾನ ಬಿತ್ತುವ ಹೊಲವನ್ನು ಎಕರೆಗಟ್ಟಲೆ ಮಾರಿ ಕಥೆಪುಸ್ತಕ ಕೊಂಡ. ಮುಂದೆ ಊರಿನ ಪಾದ್ರಿ ಮತ್ತು ಕ್ಷೌರಿಕ ಬಂದು ಆ ಪುಸ್ತಕಗಳನ್ನು ವಿಚಾರಣೆ ಮಾಡಿ ಸುಡಿಸುವ ಪ್ರಸಂಗ ಎಲ್ಲರಿಗೂ ಗೊತ್ತು. ಆಗ ಮನೆವಾರ್ತೆಯವಳು ಓಡಿಹೋಗಿ ತೀರ್ಥದ ಬಟ್ಟಲು ತರುತ್ತಾಳೆ, ಪುಸ್ತಕದೊಳಗಿನ ಮಾಟಗಾರರು ಎದ್ದು ಬಂದಾರು ಎಂದು. ಪುಸ್ತಕ ಸುಡುವ ಅಜ್ಞಾನಿ ಹೆಂಗಸು ಎಂದು ಓದುಗರು ಅವಳನ್ನು ನೋಡಿ ನಗುತ್ತಾರೆ. ಪುಸ್ತಕ ಸುಡುವುದು ನನಗೂ ಒಪ್ಪಿಗೆಯಿಲ್ಲ. ಆದರೆ ಹೊಲ ಮಾರಿ ತಂದ ಪುಸ್ತಕವನ್ನು ಅವಳು ಯಾವ ಕಣ್ಣಿನಿಂದ ನೋಡಿರಬಹುದು?

ಎರಡನೆಯ ಬಾರಿ ಹೊರಟವನನ್ನು ಪಂಜರದಲ್ಲಿ ಕೂರಿಸಿ ಎತ್ತಿನ ಗಾಡಿಯಲ್ಲಿ ಮನೆಗೆ ತಂದು ಹಾಕಿದರು. ಹೆತ್ತ ತಾಯಿಯೂ ಗುರುತಿಸದಷ್ಟು ಸೊರಗಿ, ಹಳದಿಯಾಗಿದ್ದ. ಅವನು ಮೂರನೆಯ ಬಾರಿ ಹೊರಡುವ ಸೂಚನೆ ಕಂಡಾಗ ಮನೆವಾರ್ತೆಯವಳು ಊರಿನ ಓದಿದ ಹುಡುಗ ಕರಾಸ್ಕೋನ ಹತ್ತಿರ ಅಳುತ್ತ ಹೋಗುತ್ತಾಳೆ. ಎರಡನೆಯ ಭಾಗದ ಏಳನೆಯ ಅಧ್ಯಾಯ. ಅಲ್ಲಿ ಅವಳು ಒಂದು ಲೆಕ್ಕ ಒಪ್ಪಿಸುತ್ತಾಳೆ: ಯಜಮಾನನನ್ನು ಒಂದಿಷ್ಟು ಮನುಷ್ಯರೂಪಕ್ಕೆ ತರುವುದಕ್ಕೆ 600ಕ್ಕೂ ಹೆಚ್ಚು ಮೊಟ್ಟೆ ಖರ್ಚಾಗಿದೆ. ಇದಕ್ಕೆ ದೇವರು ಸಾಕ್ಷಿ, ಊರು ಸಾಕ್ಷಿ, ಅವಳ ಕೋಳಿಗಳು ಸಾಕ್ಷಿ.

ಓದುತ್ತಿದ್ದ ನಾನು ಪುಸ್ತಕ ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಸೆರ್ವಾಂಟಿಸ್ ಇದನ್ನು ನಗಿಸಲೆಂದೇ ಬರೆದಿರಬೇಕು. ಮೊಟ್ಟೆಗೆ ಕೋಳಿ ಸಾಕ್ಷಿ ಹೇಳುವುದೆಂದರೆ ನಗು ಬರುವುದೇ. ಆದರೆ ಆರುನೂರು ಎಂದು ಎಣಿಸಿದವಳು ಹೆಂಗಸು. ಇಂಥ ಎಣಿಕೆ ನಮಗೆಲ್ಲ ಗೊತ್ತು. ಖಾಯಿಲೆಯವರನ್ನು ನೋಡಿಕೊಂಡವರಿಗೆ ಗಂಜಿ ಎಷ್ಟು ಲೋಟ, ಮಾತ್ರೆ ಎಷ್ಟು, ರಾತ್ರಿ ಎದ್ದದ್ದು ಎಷ್ಟು ಸಲ ಎಲ್ಲವೂ ನೆನಪಿರುತ್ತದೆ. ಜಿಪುಣತನದಿಂದ ಅಲ್ಲ, ಬೇರೆ ಯಾರೂ ಆ ಲೆಕ್ಕ ಇಡುವುದಿಲ್ಲವಾದ್ದರಿಂದ.

ಇಡೀ ಕಾದಂಬರಿಯಲ್ಲಿ ಯಾರು ಯಾರು ನಗುತ್ತಾರೆ ಎಂದು ನಾನು ಗಮನಿಸುತ್ತ ಹೋದೆ. ಹೋಟೆಲಿನಲ್ಲಿ ತಂಗಿದವರು ನಗುತ್ತಾರೆ. ಡ್ಯೂಕ್ ನಗುತ್ತಾನೆ, ಅವನ ಹೆಂಡತಿ ನಗುತ್ತಾಳೆ. ಬಾರ್ಸಿಲೋನಾದ ಬೀದಿಯಲ್ಲಿ ಹುಡುಗರು ನಗುತ್ತಾರೆ. ಮನೆವಾರ್ತೆಯವಳು ಮಾತ್ರ ಬೈಯುತ್ತಾಳೆ, ಅಳುತ್ತಾಳೆ, ಉಣಿಸುತ್ತಾಳೆ, ಮಲಗಿಸುತ್ತಾಳೆ. ಅವಳಿಗೆ ನಗುವಷ್ಟು ದೂರವೂ ಇರಲಿಲ್ಲ, ಕೈ ಮುಗಿಯುವಷ್ಟು ದೂರವೂ ಇರಲಿಲ್ಲ.

ನಮ್ಮ ದೊಡ್ಡಪ್ಪನವರ ಮಾತು ಇಲ್ಲಿ ಹೇಳಬೇಕು. ಅವರು ಹುಚ್ಚರಲ್ಲ, ದೊಡ್ಡ ಮನುಷ್ಯರು. ಹೈಸ್ಕೂಲಿಗೆಂದು ಹಳ್ಳಿಗಳಿಂದ ಬರುತ್ತಿದ್ದ ಬಡ ಹುಡುಗರಿಗೆ ನಮ್ಮ ಮನೆಯಲ್ಲೇ ಊಟ ಎಂದು ಒಂದು ದಿನ ಘೋಷಿಸಿಬಿಟ್ಟರು. ನಾಲ್ಕು ಜನ ಎಂದು ಶುರುವಾದದ್ದು ಹನ್ನೊಂದು ಹನ್ನೆರಡಕ್ಕೆ ಹೋಯಿತು. ಒಂದು ಎಕರೆ ಗದ್ದೆ ಹೋಯಿತು, ದೊಡ್ಡಮ್ಮನ ನಾಲ್ಕು ಬಳೆಯೂ ಹೋದವು. ಊರಿನಲ್ಲಿ ಕೆಲವರು ಹಿಂದಿನಿಂದ ನಗುತ್ತಿದ್ದರು. ಅವರು ತೀರಿಕೊಂಡ ಮೇಲೆ ನಡೆದ ಸಭೆಯಲ್ಲಿ, ಓದಿ ಮುಂದೆ ಬಂದಿದ್ದ ಆ ಹುಡುಗರು ಒಬ್ಬೊಬ್ಬರಾಗಿ ಎದ್ದು ನಿಂತು ಅನ್ನದಾತರು ಎಂದು ಕಣ್ಣೀರು ಹಾಕಿದರು. ಭಾವಚಿತ್ರಕ್ಕೆ ಹಾರ ಬಿತ್ತು. ಅವರು ಆಡಿದ್ದೆಲ್ಲ ನಿಜವೇ. ಆದರೆ ಹದಿನೆಂಟು ವರ್ಷ ದಿನಕ್ಕೆ ಎರಡು ಹೊತ್ತು ಅಕ್ಕಿ ತೊಳೆದ ಕೈ ಮುಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ, ಸೆರಗಿನೊಳಗೆ ಮಡಿಸಿಕೊಂಡು ಕೂತಿತ್ತು.

ಆಮೇಲೊಂದು ದಿನ ಕೇಳಿದೆ, “ದೊಡ್ಡಮ್ಮ, ನಿಮಗೆ ಸಿಟ್ಟು ಬರ್ತಿರಲಿಲ್ವಾ?”

“ಸಿಟ್ಟು ಬರದೆ ಇರತ್ತಾ ಮಗೂ? ಬರೋದು, ಹೋಗೋದು. ಹಾಲಿನವನ ಬಾಕಿ ಮಾತ್ರ ಹೋಗ್ತಿರಲಿಲ್ಲ ನೋಡು,” ಅಂದರು. ಸ್ವಲ್ಪ ಹೊತ್ತಿನ ಮೇಲೆ, ನಾನು ಏನೂ ಕೇಳದೆಯೇ, “ನಗೋರನ್ನ ಕಂಡರೆ ಮಾತ್ರ ನಂಗೆ ಆಗ್ತಿರಲಿಲ್ಲ. ಅವರಿಗೇನು, ನಕ್ಕು ಎದ್ದು ಹೋಗ್ತಾರೆ,” ಎಂದು ಸೇರಿಸಿದರು.

ದೊಡ್ಡಪ್ಪನವರ ಆದರ್ಶ ಸುಳ್ಳೆಂದು ನಾನು ಹೇಳುತ್ತಿಲ್ಲ. ಆ ಹುಡುಗರು ಉಂಡದ್ದು ನಿಜ, ಓದಿದ್ದು ನಿಜ. ನನ್ನ ತೊಡಕು ಇರುವುದೇ ಅಲ್ಲಿ. ಆದರ್ಶ ಸುಳ್ಳಾಗಿದ್ದರೆ ಪ್ರಶ್ನೆ ಸುಲಭ. ಅದು ನಿಜವಾಗಿ, ಚೆಂದವಾಗಿ ಇದ್ದು, ಅದರ ಬೆಲೆಯನ್ನು ಕೇಳದೆಯೇ ಇನ್ನೊಬ್ಬರ ಲೆಕ್ಕಕ್ಕೆ ಬರೆದಿದ್ದರೆ? ದೊಡ್ಡಮ್ಮನನ್ನು ಕೇಳಿದ್ದರೆ ಅವರು ಬೇಡ ಅನ್ನುತ್ತಿದ್ದರೋ ಏನೋ, ಬಹುಶಃ ಇಲ್ಲ. ಆದರೆ ಕೇಳಲಿಲ್ಲ.

ಕ್ವಿಕ್ಸಾಟನ ಕಥೆಯಲ್ಲಿ ಇದು ಇನ್ನೂ ಕಹಿಯಾಗಿ ಬರುತ್ತದೆ. ಅವನ ಮೊದಲ ಸಾಹಸಗಳಲ್ಲಿ ಒಂದು ಆಂದ್ರೇಸ್ ಎಂಬ ಹದಿನೈದರ ಹುಡುಗನದು. ಕುರಿ ಕಾಯುವ ಆ ಹುಡುಗನನ್ನು ಒಡೆಯ ಮರಕ್ಕೆ ಕಟ್ಟಿ ಚರ್ಮದ ಪಟ್ಟಿಯಿಂದ ಬಾರಿಸುತ್ತಿದ್ದ. ತಿಂಗಳಿಗೆ 7 ರಿಯಾಲಿನಂತೆ 9 ತಿಂಗಳ ಸಂಬಳ ಬಾಕಿ. ನಮ್ಮ ವೀರ ಈಟಿ ಝಳಪಿಸಿ ಹುಡುಗನನ್ನು ಬಿಡಿಸಿ, ಸಂಬಳ ಕೊಡುತ್ತೇನೆಂದು ಒಡೆಯನಿಂದ ಆಣೆ ಹಾಕಿಸಿಕೊಂಡು, ಲೋಕಕ್ಕೆ ಉಪಕಾರ ಮಾಡಿದ ಸಂತೋಷದಲ್ಲಿ ಹೊರಟುಹೋದ. ಅವನು ಮರೆಯಾದದ್ದೇ ತಡ, ಒಡೆಯ ಹುಡುಗನನ್ನು ಮತ್ತೆ ಕಟ್ಟಿ ಮೊದಲಿಗಿಂತ ಹೆಚ್ಚು ಹೊಡೆದ. ಬಹಳ ದಿನಗಳ ಮೇಲೆ ದಾರಿಯಲ್ಲಿ ಸಿಕ್ಕ ಆಂದ್ರೇಸ್ ಕ್ವಿಕ್ಸಾಟನಿಗೆ ಹೇಳುವುದು ಇಷ್ಟೇ: ಇನ್ನು ಮುಂದೆ ನನ್ನನ್ನು ಯಾರಾದರೂ ಸಿಗಿದು ಹಾಕುತ್ತಿದ್ದರೂ ಸಹಾಯಕ್ಕೆ ಮಾತ್ರ ಬರಬೇಡಿ.

ಹಾದಿಯಲ್ಲಿ ಸಿಕ್ಕ ಹುಡುಗನ ಸಂಬಳಕ್ಕಾಗಿ ಈಟಿ ಎತ್ತಿದವನು ತನ್ನ ಮನೆವಾರ್ತೆಯವಳ ಸಂಬಳ ಕೊಟ್ಟಿರಲಿಲ್ಲ! ಇದು ನನ್ನ ಊಹೆಯಲ್ಲ, ಪುಸ್ತಕದ ಕೊನೆಯಲ್ಲಿ ಅವನ ಬಾಯಿಂದಲೇ ತಿಳಿಯುತ್ತದೆ. ಮೊಟ್ಟೆಯ ಲೆಕ್ಕ ಬರುವ ಅದೇ ಏಳನೆಯ ಅಧ್ಯಾಯದಲ್ಲಿ, ಹೆಂಡತಿ ತೆರೇಸಾ ಹೇಳಿಕೊಟ್ಟಂತೆ ಸಾಂಕೋ ತನಗೂ ತಿಂಗಳ ಸಂಬಳ ಗೊತ್ತುಮಾಡಿ ಎಂದು ಕೇಳುತ್ತಾನೆ. ವೀರಕಥೆಗಳಲ್ಲಿ ಯಾವ ಬಂಟನಿಗೂ ಸಂಬಳ ಕೊಟ್ಟದ್ದು ನಾನು ಓದಿಲ್ಲ ಎಂದು ಒಡೆಯ ಅದನ್ನು ತಳ್ಳಿಹಾಕುತ್ತಾನೆ. ಮಹಾಕಾರ್ಯದಲ್ಲಿ ಸಂಬಳದ ಮಾತೆತ್ತುವುದು ಸಣ್ಣತನ. ಈ ಮಾತು ನಾವು ಕೇಳದ್ದೇ? ಮನೆಯಲ್ಲಿ, ಮಠದಲ್ಲಿ, ಸಂಘಸಂಸ್ಥೆಗಳಲ್ಲಿ, ಸೇವೆ ಎಂಬ ಪದ ಎಲ್ಲೆಲ್ಲಿದೆಯೋ ಅಲ್ಲೆಲ್ಲ.

ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಮತ್ತೆ ಚಿತ್ರಗಳ ಹತ್ತಿರ ಬಂದರೆ ಅವು ಬೇರೆಯಾಗಿ ಕಾಣುತ್ತವೆ. ಕಲಾವಿದ ಬಿಲ್ಲೆಯ ಮೇಲೆ ನೇರವಾಗಿ ಬರೆದುಬಿಡುತ್ತಿದ್ದ. ಡೋರೆಯಂತೂ ಎಷ್ಟೋ ಸಲ ಗೆರೆಯನ್ನೂ ಎಳೆಯದೆ ಕುಂಚದಿಂದ ನೆರಳು ಬೆಳಕು ತುಂಬಿ ಕಳಿಸುತ್ತಿದ್ದ. ನಂತರದ್ದು ಕೆತ್ತನೆಗಾರನ ಪಾಡು. ಮರಳು ತುಂಬಿದ ಚರ್ಮದ ದಿಂಬಿನ ಮೇಲೆ ಬಿಲ್ಲೆಯನ್ನಿಟ್ಟು, ರಾತ್ರಿಯಾದರೆ ನೀರು ತುಂಬಿದ ಗಾಜಿನ ಬುರುಡೆಯ ಮೂಲಕ ದೀಪದ ಬೆಳಕನ್ನು ಹಾಯಿಸಿಕೊಂಡು, ಬೂದುಬಣ್ಣದ ಆಕಾಶವನ್ನು ಸಾವಿರಾರು ಗೆರೆಗಳಾಗಿ ಮಾರ್ಪಡಿಸಬೇಕು. ಕಸೂತಿಯಲ್ಲಿ ನಾವು ಎಳೆಯನ್ನು ಸೇರಿಸುತ್ತ ಹೋಗುತ್ತೇವೆ. ಇಲ್ಲಿ ತದ್ವಿರುದ್ಧ. ಬಿಳಿಯಾಗಬೇಕಾದ್ದನ್ನೆಲ್ಲ ಕೆತ್ತಿ ತೆಗೆದು ಕರಿಯನ್ನು ಉಳಿಸಬೇಕು. ಕೈ ಒಂದಿಷ್ಟು ಜಾರಿದರೆ ಕೆತ್ತಿದ್ದು ಮರಳಿ ಬರುವುದಿಲ್ಲ.

ಕೆತ್ತುತ್ತ ಹೋದಂತೆ ಕಲಾವಿದ ಬರೆದ ಮೂಲಚಿತ್ರ ಇಲ್ಲವಾಗುತ್ತದೆ. ಮುಂದೆ ಚಿತ್ರವನ್ನು ಫೋಟೋ ಮೂಲಕ ಮರದ ಮೇಲೆ ಇಳಿಸುವ ಉಪಾಯ ಬಂದು ಮೂಲ ಉಳಿಯತೊಡಗಿತು, ಆದರೆ ಜೊಹಾನೊನ ಕಾಲಕ್ಕೆ ಅದು ಇರಲಿಲ್ಲ. ಅಂದರೆ ನಾವು ಇವತ್ತು ನೋಡಿ ಮೆಚ್ಚುವ ಒಂದೊಂದು ಗೆರೆಯೂ ಕೆತ್ತನೆಗಾರನ ಕೈಯ ಗೆರೆ. ಕನಸು ಡೋರೆಯದು, ಗೆರೆ ಪಿಸಾನನದು. ಪಿಸಾನನ ಪುಣ್ಯ, ಶೀರ್ಷಿಕೆ ಪುಟದಲ್ಲಿ ಅವನ ಹೆಸರಿದೆ. ಚಿತ್ರಗಳ ಕೆಳಗಿನ ಮೂಲೆಯಲ್ಲೂ ಸಣ್ಣದಾಗಿ ಇರುತ್ತದೆ. ಜೊಹಾನೊನ ಎಂಟುನೂರು ಚಿತ್ರಗಳಿಗೆ ಹಲವಾರು ಕೆತ್ತನೆಗಾರರು ದುಡಿದರು. ಮುಖಪುಟಕ್ಕೆ ಬಂದದ್ದು ಜೊಹಾನೊನ ಹೆಸರು.

ಇದು ಮೋಸವೇ ಎಂದು ಕೇಳಿದರೆ ಹೌದೆನ್ನಲು ಮನಸ್ಸಾಗುವುದಿಲ್ಲ. ಅವರಿಗೆ ಕೂಲಿ ಸಿಗುತ್ತಿತ್ತು, ಕಸುಬಿನಲ್ಲಿ ಒಳ್ಳೆಯ ಹೆಸರೂ ಇತ್ತು. ಆದರೂ ಒಬ್ಬಂಟಿ ವೀರನ ಚಿತ್ರವನ್ನು ಯಾರೂ ಒಬ್ಬಂಟಿಯಾಗಿ ಮಾಡಲಿಲ್ಲ ಎಂಬುದು ನನಗೆ ಸಮಾಧಾನ ಕೊಡುವ ಸಂಗತಿ. ವಿಶಾಲವಾದ ಆ ಆಕಾಶವನ್ನು ನೋಡುವಾಗ ಈಗೀಗ ಗಾಜಿನ ಬುರುಡೆ, ಮರಳಿನ ದಿಂಬು, ಬಗ್ಗಿದ ಬೆನ್ನು ಕಾಣುತ್ತವೆ. ಚಿತ್ರದ ಸೊಗಸು ಅದರಿಂದ ಕಡಿಮೆಯಾಗಿಲ್ಲ. ನೋಡುವ ಹೊತ್ತು ಮಾತ್ರ ಹೆಚ್ಚಾಗಿದೆ.

ದೊಡ್ಡಪ್ಪನವರ ಭಾವಚಿತ್ರವನ್ನು ಗೋಡೆಯಿಂದ ತೆಗೆಯಬೇಕೆಂದು ನಾನು ಹೇಳುವುದಿಲ್ಲ. ನನ್ನ ಮಗಳು ಹೇಳುತ್ತಾಳೆ. ಅವಳ ಪೀಳಿಗೆಗೆ ತಾಳ್ಮೆ ಕಡಿಮೆ, ಕಣ್ಣು ಚುರುಕು. “ಅನ್ನ ಬೇಯಿಸಿದ್ದು ಅಜ್ಜಿ, ಅನ್ನದಾತ ಅಜ್ಜನಾ?” ಎಂದು ಕೇಳುತ್ತಾಳೆ. ಬೇಯಿಸುವುದಷ್ಟೇ ದಾನವಾದರೆ, ಹಸಿದವರನ್ನು ಮನೆಗೆ ಕರೆಯಬೇಕೆಂದು ಮೊದಲು ಹೊಳೆದ ಮನಸ್ಸಿಗೆ ಏನನ್ನೋಣ? ಆ ಹೊಳಹು ದೊಡ್ಡಪ್ಪನದೇ. ಅದಿಲ್ಲದಿದ್ದರೆ ದೊಡ್ಡಮ್ಮನ ಕೈ ನಮಗೆ ನಾಲ್ಕು ಜನಕ್ಕೆ ಬೇಯಿಸಿ ಸುಮ್ಮನಾಗುತ್ತಿತ್ತು. ನಾನೂ ಮಗಳೂ ಇದನ್ನು ಎಷ್ಟೋ ಸಲ ವಾದ ಮಾಡಿದ್ದೇವೆ. ಅವಳು ಸೋತಿಲ್ಲ, ನಾನೂ ಸೋತಿಲ್ಲ.

ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಕ್ವಿಕ್ಸಾಟ್ ಸೋತು ಮನೆಗೆ ಬಂದು ಹಾಸಿಗೆ ಹಿಡಿಯುತ್ತಾನೆ. ಒಂದು ದೀರ್ಘ ನಿದ್ದೆಯ ನಂತರ ಎಚ್ಚರವಾದಾಗ ಹುಚ್ಚು ಬಿಟ್ಟಿರುತ್ತದೆ. ತಾನು ಕ್ವಿಕ್ಸಾಟ್ ಅಲ್ಲ, ಅಲೊನ್ಸೊ ಕಿಹಾನೊ ಅನ್ನುತ್ತಾನೆ. ಪಾದ್ರಿಯನ್ನು ಕರೆಸಿ, ಬರೆಯುವವನನ್ನು ಕರೆಸಿ ಉಯಿಲು ಹೇಳುತ್ತಾನೆ. ಅವನು ಸಾಯಬಾರದೆಂದು ಸಾಂಕೋ ಗೋಳಾಡುತ್ತಾನೆ: ಏಳಿ ಒಡೆಯರೇ, ಕುರುಬರ ವೇಷ ಹಾಕಿಕೊಂಡು ಹೊಲದ ಕಡೆ ಹೋಗೋಣ ಎಂದು. ಸಂಬಳ ಕೇಳಿದ್ದವನೇ ಈಗ ಕನಸನ್ನು ಬೇಡುತ್ತಾನೆ. ಓದುವಾಗ ನನ್ನ ಕಣ್ಣೂ ಒದ್ದೆಯಾಯಿತು.

ಆದರೆ ಉಯಿಲನ್ನು ನಿಧಾನವಾಗಿ ಓದಬೇಕು. ತನ್ನ ಹತ್ತಿರವಿದ್ದ ಒಡೆಯನ ಹಣದ ಲೆಕ್ಕವನ್ನು ಸಾಂಕೋ ಕೊಡಬೇಕಿಲ್ಲ, ಉಳಿದದ್ದು ಅವನಿಗೇ ಇರಲಿ. ಆಸ್ತಿ ಸೋದರ ಸೊಸೆಗೆ. ಇಷ್ಟು ದೊಡ್ಡ ಪುಸ್ತಕದಲ್ಲಿ ಆ ಹುಡುಗಿಯ ಹೆಸರು ಅಂತೋನಿಯಾ ಎಂದು ನಮಗೆ ತಿಳಿಯುವುದೇ ಇಲ್ಲಿ. ಆಸ್ತಿಯಿಂದ ಮೊಟ್ಟಮೊದಲು ತೀರಿಸಬೇಕಾದ್ದು, ಮನೆವಾರ್ತೆಯವಳು ದುಡಿದ ಅಷ್ಟೂ ಕಾಲದ ಬಾಕಿ ಸಂಬಳ. ಅದರ ಮೇಲೆ ಅವಳಿಗೊಂದು ಉಡುಪಿಗೆ 20 ಡ್ಯೂಕಟ್.

ಅವನು ಆಮೇಲೆ ಮೂರು ದಿನ ಬದುಕಿದ್ದ. ಮನೆಯಲ್ಲಿ ಗಲಿಬಿಲಿ, ಅಳು. ಹಾಗಿದ್ದರೂ, ಎಂದು ಸೆರ್ವಾಂಟಿಸ್ ಮರೆಯದೆ ಬರೆಯುತ್ತಾನೆ, ಹುಡುಗಿ ಊಟ ಮಾಡಿದಳು, ಮನೆವಾರ್ತೆಯವಳು ಒಂದು ಲೋಟ ದ್ರಾಕ್ಷಾರಸ ಎತ್ತಿ ಕುಡಿದಳು, ಸಾಂಕೋ ಖುಷಿಯಾಗಿದ್ದ. ಅವಳ ಹೆಸರನ್ನು ಮಾತ್ರ ಕೊನೆಯವರೆಗೂ ಹೇಳಲಿಲ್ಲ. ಆ 20 ಡ್ಯೂಕಟ್‌ನಲ್ಲಿ ಅವಳು ಯಾವ ಬಣ್ಣದ ಬಟ್ಟೆ ತೆಗೆದುಕೊಂಡಳು ಎಂಬುದನ್ನೂ ಹೇಳಲಿಲ್ಲ.